ನಮ್ಮನೆಯವರು ಬಚ್ಚಿಟ್ಟ ಪಾಸ್‌ವರ್ಡು

ನಮ್ಮನೆಯವರಿಗೆ ಬಚ್ಚಿಡುವುದೆಂದರೆ ಬಲು ಪ್ರೀತಿ. ಮದುವೆಯಾದ ಹೊಸದರಲ್ಲಿ ಸ್ಕೂಟರಿನ ಚಾವಿಯನ್ನು ದಿನಕ್ಕೊಂದು ಕಡೆ ಇಡುತ್ತಿದ್ದರು. ಒಂದು ದಿನ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ, ಇನ್ನೊಂದು ದಿನ ಗೋಡೆ ಗಡಿಯಾರದ ಬೆನ್ನಿಗೆ, ಮತ್ತೊಂದು ದಿನ ಹಳೆಯ ಬೂಟಿನೊಳಗೆ. ಕಳ್ಳ ಬಂದರೆ ಅವನ ಕೈಗೆ ಸಿಗಬಾರದಂತೆ. ಸಿಂಧನೂರಿನ ನಮ್ಮ ಓಣಿಗೆ ಕಳ್ಳನಂತೂ ಬರಲಿಲ್ಲ. ಬಸ್‌ಸ್ಟ್ಯಾಂಡಿಗೆ ಬಿಟ್ಟು ಬನ್ನಿ ಎಂದು ನಾನು ಚೀಲ ಹಿಡಿದು ನಿಂತಾಗ ಚಾವಿ ಅವರಿಗೇ ಸಿಗುತ್ತಿರಲಿಲ್ಲ.

"ಎಲ್ಲಿ ಇಟ್ಟೀನಂತ ನೆನಪಾಗವಲ್ದು. ಆದ್ರ ಭಾಳ ಸೇಫ್ ಜಾಗದಾಗ ಐತಿ, ನೀ ಚಿಂತಿ ಮಾಡಬ್ಯಾಡ" ಎನ್ನುತ್ತಿದ್ದರು. ನಾನು ಆಟೋ ಹಿಡಿಯುತ್ತಿದ್ದೆ.

ನಾನು ಲಿಂಗಸುಗೂರಿನ ಒಂದು ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಬೆಳಿಗ್ಗೆ ಸಿಂಧನೂರಿನಲ್ಲಿ ಬಸ್ಸು ಹತ್ತಿ, ಮಸ್ಕಿಯಲ್ಲಿ ಅರ್ಧ ಬಸ್ಸು ಇಳಿದು ಇನ್ನರ್ಧ ತುಂಬುವುದನ್ನು ನೋಡಿ, ಲಿಂಗಸುಗೂರು ಮುಟ್ಟುವಷ್ಟರಲ್ಲಿ ಆ ದಿನದ ಪಾಠವನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿ ಮುಗಿಸಿರುತ್ತೇನೆ. ನಮ್ಮನೆಯವರದು ಸಿಂಧನೂರಿನಲ್ಲಿ ಸಣ್ಣದೊಂದು ಕಂಪ್ಯೂಟರ್ ಅಂಗಡಿ. ರಿಪೇರಿ, ಪ್ರಿಂಟು, ಅರ್ಜಿ ತುಂಬುವುದು ಎಲ್ಲ ನಡೆಯುತ್ತದೆ. ಆದರೆ ಅವರ ಜೀವ ಇರುವುದು ಪ್ರೋಗ್ರಾಂ ಬರೆಯುವುದರಲ್ಲಿ. ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ, ತಾವೇ ಕೂತು ಕಲಿತದ್ದು. ಚೆನ್ನಾಗಿಯೇ ಬರೆಯುತ್ತಾರೆ. ಅದನ್ನು ಅವರೆದುರು ಹೇಳಿದರೆ ಎರಡು ದಿನ ನೆಲದ ಮೇಲೆ ಕಾಲಿಡುವುದಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಲಿಂಗಸುಗೂರಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬು ನಡೆಸುವ ಡಾಕ್ಟರಮ್ಮ ಒಬ್ಬರಿದ್ದಾರೆ. ಮನೆಯಲ್ಲಿ ದಖನಿ ಉರ್ದು, ಲ್ಯಾಬಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಮಸ್ಕಿಯಲ್ಲೊಂದು, ಸಿಂಧನೂರಿನಲ್ಲೊಂದು ಶಾಖೆ ತೆರೆದಾಗ ಮೂರೂ ಕಡೆಯ ರಿಪೋರ್ಟು ಒಂದೇ ಕಡೆ ಸೇರುವಂಥ ಪ್ರೋಗ್ರಾಂ ಬೇಕಾಯಿತು. ಅದನ್ನು ನಮ್ಮನೆಯವರು ಬರೆದುಕೊಟ್ಟರು. ರಿಪೋರ್ಟುಗಳೆಲ್ಲ ದೂರದ ಒಂದು ಬಾಡಿಗೆ ಸರ್ವರ್‌ನಲ್ಲಿ ಕೂತಿರುತ್ತಿದ್ದವು. ಶಾಖೆಯ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ತೆರೆದರೆ ಅದು ಆ ಸರ್ವರ್‌ಗೆ ಹೋಗಿ, ಪಾಸ್‌ವರ್ಡು ಕೊಟ್ಟು, ಬೇಕಾದ ರಿಪೋರ್ಟು ತರುತ್ತಿತ್ತು. ಆ ಪಾಸ್‌ವರ್ಡು ಶಾಖೆಯ ಯಾರಿಗೂ ಗೊತ್ತಾಗಬಾರದು, ಆದರೆ ಪ್ರೋಗ್ರಾಮಿಗೆ ಗೊತ್ತಿರಬೇಕು. ಬಚ್ಚಿಡುವ ಪ್ರೀತಿ ಇರುವವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇಕೆ? ಅದನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೇ ಬಚ್ಚಿಟ್ಟರು.

ಒಂದು ಸಂಜೆ ನಾನು ಕಾಲೇಜಿನಿಂದ ಬಂದು ಕಾಲು ಚಾಚಿ ಕೂತಿದ್ದೆ. ಅವರು ಲ್ಯಾಪ್‌ಟಾಪ್ ಹಿಡಿದು ಬಂದರು.

"ಬಾ ಇಲ್ಲಿ, ಒಂದು ಮಜಾ ತೋರಸ್ತೀನಿ. ಇದರಾಗ ಪಾಸ್‌ವರ್ಡ್ ಎಲ್ಲೈತಿ ಹೇಳು."

ನೋಡಿದೆ. ಮೊದಲ ಪುಟದಲ್ಲೇ ಪಾಸ್‌ವರ್ಡು ಎಂದು ಬರೆದು ಪಕ್ಕದಲ್ಲಿ ಏನೋ ಕೊಟ್ಟಿತ್ತು.

"ಇಲ್ಲೇ ಐತಲ್ರೀ?"

ಅವರು ತೊಡೆ ತಟ್ಟಿಕೊಂಡು ನಕ್ಕರು. "ಅದು ಸುಳ್ಳು! ಅದನ್ನ ಹಾಕಿದ್ರ ಸಿಕ್ಕಿಬಿದ್ದೆಲೇ ಮಗನ ಅಂತ ಬರತೈತಿ."

ನಿಜವಾದ ಪಾಸ್‌ವರ್ಡನ್ನು ಅವರು ಹಿಂದುಮುಂದಾಗಿ ತಿರುಗಿಸಿ, ತುಂಡು ತುಂಡು ಮಾಡಿ, ಒಂದೊಂದು ತುಂಡನ್ನೂ ಅಂಕಿಗಳಾಗಿ ಬದಲಿಸಿ, ಪ್ರೋಗ್ರಾಮಿನ ಮೂಲೆಮೂಲೆಯಲ್ಲಿ ಅಡಗಿಸಿದ್ದರು. ಅಡಗಿಸಿದ ಜಾಗಗಳಿಗೆ ದಾರಿ ತಪ್ಪಿಸುವ ಹೆಸರು ಬೇರೆ. ಒಂದಕ್ಕೆ ಹವಾಮಾನ, ಇನ್ನೊಂದಕ್ಕೆ ಬಸ್ಸಿನ ವೇಳೆ.

"ರಕ್ತ ಪರೀಕ್ಷೆ ಪ್ರೋಗ್ರಾಮಿನಾಗ ಹವಾಮಾನಕ್ಕ ಏನ್ ಕೆಲಸರೀ?"

"ಅದ ನೋಡು ಟ್ರಿಕ್ಕು! ಕಳ್ಳನೂ ಹಿಂಗ ಅನಕೊಂಡು ಮುಂದ ಹೋಗ್ತಾನ."

ನಮ್ಮನೆಯವರ ಊರು ಮುದಗಲ್. ಕೋಟೆಯ ಬುರುಜುಗಳ ನಡುವೆ ಕಣ್ಣುಮುಚ್ಚಾಲೆ ಆಡಿ ಬೆಳೆದವರು. ಈ ಏರ್ಪಾಡಿಗೂ ಕೋಟೆ ಎಂದೇ ಹೆಸರಿಟ್ಟಿದ್ದರು. ಡಾಕ್ಟರಮ್ಮನಿಗೂ ಹಾಗೆಯೇ ಹೇಳಿ ಬಂದಿದ್ದರು. ನಮ್ಮ ಕೋಟೆ ದಾಟಿ ಯಾರೂ ಒಳಗ ಬರಂಗಿಲ್ಲ ಮೇಡಮ್, ಎಂದು.

ನಾನು ಮೆಲ್ಲಗೆ ಹೇಳಿದೆ: "ನೀವು ಎಷ್ಟು ತುಂಡು ಮಾಡಿದ್ರೂ, ಸರ್ವರ್‌ಗೆ ಕೊಡೂಮುಂದ ಪ್ರೋಗ್ರಾಂ ಅದನ್ನ ಜೋಡಿಸಲೇಬೇಕಲ್ರೀ? ಪ್ರೋಗ್ರಾಂ ಯಾರ ಕೈಯಾಗ ಐತ್ಯೋ ಅವರು ಅದು ಜೋಡಿಸೂತನ ಕಾದು ನೋಡಿದ್ರ ಆತು."

"ನೀ ಪುಸ್ತಕದ ಮಾತು ಹೇಳಬ್ಯಾಡ. ತಗದು ತೋರಿಸು. ತಗದಿ ಅಂದ್ರ ಒಂದು ವಾರ ರೊಟ್ಟಿ ನಾನ ಬಡೀತೀನಿ."

ಇದು ನನಗೆ ಸಿಕ್ಕ ಒಳ್ಳೆಯ ಅವಕಾಶ. ಭಾನುವಾರ ಅವರಿಂದ ಪ್ರೋಗ್ರಾಂ ಮಾತ್ರ ಇಸಿದುಕೊಂಡೆ. ಅವರು ಬರೆದ ಮೂಲ ಕೋಡು ಬೇಡ ಎಂದೆ, ಅದನ್ನು ಕೇಳಿ ಅವರಿಗೆ ಕನಿಕರವೇ ಆಯಿತು. ನಿಜವಾದ ರೋಗಿಗಳ ರಿಪೋರ್ಟು ಕಾಣಬಾರದೆಂದು ಇಂಟರ್‌ನೆಟ್ ಕಿತ್ತಿಟ್ಟೆ. ವಿದ್ಯಾರ್ಥಿಗಳಿಗೆ ತಪ್ಪು ಹುಡುಕುವುದನ್ನು ಕಲಿಸಲು ನಾವು ಬಳಸುವ ಒಂದು ಸಾಧನವಿದೆ. ಓಡುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ, ಆ ಗಳಿಗೆಯಲ್ಲಿ ಅದರ ನೆನಪಿನಲ್ಲಿ ಏನಿದೆ ಎಂದು ನೋಡಬಹುದು. ಚಹಾಕ್ಕೆ ನೀರಿಟ್ಟು ಬಂದು, ಪ್ರೋಗ್ರಾಂ ಸರ್ವರ್‌ನ ಬಾಗಿಲು ಬಡಿಯಲು ಹೊರಟ ಜಾಗದಲ್ಲಿ ಅದನ್ನು ನಿಲ್ಲಿಸಿದೆ. ಹವಾಮಾನಕ್ಕೂ ಹೋಗಲಿಲ್ಲ, ಬಸ್ಸಿನ ವೇಳೆಯನ್ನೂ ಕೇಳಲಿಲ್ಲ. ಅವರ ಪ್ರೋಗ್ರಾಮೇ ಎಲ್ಲ ಕಡೆ ಓಡಾಡಿ, ತುಂಡುಗಳನ್ನೆಲ್ಲ ಹೆಕ್ಕಿ ತಂದು, ತಿರುಗಿಸಿ, ಜೋಡಿಸಿ, ನನ್ನ ಮುಂದೆ ನೀಟಾಗಿ ಇಟ್ಟಿತು.

ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, ಹೀಗಿತ್ತು: ಮಿರ್ಚಿತಿಂದೀನಿಹೆಂಡ್ತಿಗೆಹೇಳಬ್ಯಾಡ.

ನಾನು ಅದನ್ನು ಬಿಡಿಸಿ ಬಿಡಿಸಿ ಓದಿದೆ. ಅವರಿಗೆ ಎದೆಯುರಿ. ಎಣ್ಣೆ ಪದಾರ್ಥ ಬಿಡಬೇಕೆಂದು ಡಾಕ್ಟರು ಹೇಳಿ, ನಾನೂ ಹೇಳಿ, ಅವರೂ ದೇವರ ಮುಂದೆ ಒಪ್ಪಿದ್ದರು. ಸಂಜೆ ಅಂಗಡಿಯ ಹತ್ತಿರದ ಬಂಡಿಯಲ್ಲಿ ಮಂಡಾಳು ಒಗ್ಗರಣೆ, ಮಿರ್ಚಿ ಭಜಿ ನಡೆದೇ ಇತ್ತು ಎಂಬ ಸಂಗತಿ ಹೀಗೆ ಹೊರಬಿತ್ತು.

"ರೀ, ಇವತ್ತು ಎದಿಯುರಿ ಹೆಂಗೈತಿ?" ಎಂದು ಕೇಳಿದೆ.

"ಯಾಕ?"

"ಮಿರ್ಚಿ ತಿಂದೀರಂತಲ್ಲ. ಹೆಂಡ್ತಿಗೆ ಹೇಳಬ್ಯಾಡ ಅಂದೀರಂತ. ನಾ ಯಾರಿಗೂ ಹೇಳಂಗಿಲ್ಲ ಬಿಡ್ರಿ."

ಅವರ ಮುಖದಲ್ಲಿ ಮೊದಲು ಬಂದದ್ದು ಮಿರ್ಚಿಯ ನಾಚಿಕೆ. ಕೋಟೆ ಬಿದ್ದ ದುಃಖ ಅದರ ಹಿಂದಿನಿಂದ ಬಂತು.

ಮಾತು ಕೊಟ್ಟಂತೆ ರೊಟ್ಟಿ ಬಡಿಯಲು ಕೂತರು. ಮೊದಲ ರೊಟ್ಟಿ ಹಂಚಿಗೆ ಹೋಗುವ ದಾರಿಯಲ್ಲೇ ಎರಡಾಯಿತು. ಎರಡನೆಯದು ರೊಟ್ಟಿ ಬಡಿಯುವ ಕೊಣಮಿಗೆಗೇ ಅಂಟಿಕೊಂಡಿತು. "ಹಿಟ್ಟಿಗೆ ಜಿಗಿ ಇಲ್ಲ" ಎಂದರು. ಅದೇ ಹಿಟ್ಟಿನಲ್ಲಿ ಹಿಂದಿನ ದಿನ ನಾನು ರೊಟ್ಟಿ ಬಡಿದಿದ್ದೆ ಎಂದು ನೆನಪಿಸಲಿಲ್ಲ. ಪುಂಡಿಪಲ್ಯದ ಜೊತೆ ರೊಟ್ಟಿಯ ಚೂರುಗಳನ್ನು ಚಮಚೆಯಲ್ಲಿ ತಿಂದೆವು. ಮೂರನೇ ದಿನ ನಾನೇ ಕೊಣಮಿಗೆ ಎಳೆದುಕೊಂಡೆ. ಹೊಟ್ಟೆ ನನ್ನದೂ ಇತ್ತಲ್ಲ.

ಆದರೆ ಸೋಲು ಒಪ್ಪಿದರು ಎಂದುಕೊಂಡರೆ ತಪ್ಪು. "ನೀ ಕಲಿಸೋಳು, ನಿನಗ ಗೊತ್ತಾತು. ಮಸ್ಕಿಯಾಗ ಯಾರಿಗೆ ಗೊತ್ತೈತಿ ಇವೆಲ್ಲ?" ಎಂದು ಇನ್ನೊಂದು ಸುತ್ತು ಗೋಡೆ ಕಟ್ಟಿದರು. ಪಾಸ್‌ವರ್ಡನ್ನೂ ಬದಲಿಸಿದರು. ಊಟದ ಮಾತು ಇಲ್ಲದ ಪಾಸ್‌ವರ್ಡು ಎಂದು ಆಣೆ ಮಾಡಿ ಹೇಳಿದರು. ನಾನು ಮತ್ತೆ ಪ್ರೋಗ್ರಾಮನ್ನು ಅದೇ ಜಾಗದಲ್ಲಿ ನಿಲ್ಲಿಸಿ ನೋಡಿದೆ, ಸಿಕ್ಕಿತು. ಹೊರಗೆ ಎಷ್ಟು ಸುತ್ತು ಗೋಡೆ ಕಟ್ಟಿದರೂ ಅವರ ಆಳು ಬಾಗಿಲ ಬಳಿ ಬಂದು ಜೇಬಿನಿಂದ ಚಾವಿ ತೆಗೆಯಲೇಬೇಕು, ನಾನು ಬಾಗಿಲ ಬಳಿಯೇ ನಿಂತಿರುತ್ತಿದ್ದೆ. ಈ ಸಲ ಅವರು ಎರಡು ದಿನ ನನ್ನೊಂದಿಗೆ ಅಗತ್ಯವಿದ್ದಷ್ಟೇ ಮಾತಾಡಿದರು. ಪ್ರೋಗ್ರಾಂ ಮಾತ್ರ ಹಾಗೆಯೇ ಮೂರೂ ಊರಲ್ಲಿ ಓಡುತ್ತಿತ್ತು.

ಹಿಂಗಾರಿನ ಭತ್ತದ ಸುಗ್ಗಿಯ ಹೊತ್ತಿಗೆ ಒಂದು ಬೆಳಿಗ್ಗೆ ಡಾಕ್ಟರಮ್ಮನ ಫೋನು ಬಂತು. ಸ್ಪೀಕರ್ ಹಾಕದಿದ್ದರೂ ನನಗೆ ಅಡುಗೆಮನೆಗೆ ಕೇಳಿಸುತ್ತಿತ್ತು.

"ಭಾಯ್, ನೀವು ಕೋಟೆ ಐತಿ ಅಂದಿದ್ರಿ. ಕೋಟೆ ಒಳಗಿನ ಮಾತು ಗೊರೇಬಾಳಕ್ಕ ಹೆಂಗ ಹೋತು? ಬತಾವೋ, ಹೇಳ್ರಿ!"

ನಡೆದದ್ದು ಇಷ್ಟು. ಮಸ್ಕಿಯ ಒಬ್ಬ ಹುಡುಗಿ, ಬಳಗಾನೂರಿನ ಶಾಲೆಯಲ್ಲಿ ಟೀಚರು. ಗೊರೇಬಾಳದ ಒಂದು ಮನೆಯೊಂದಿಗೆ ಅವಳ ಮದುವೆಯ ಮಾತು ನಡೆದಿತ್ತು. ಅವಳು ಮಸ್ಕಿ ಶಾಖೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದಳು. ರಿಪೋರ್ಟು ಅವಳ ಕೈ ಸೇರುವ ಮೊದಲೇ ಅದರ ಫೋಟೋ ಹುಡುಗನ ಸೋದರತ್ತೆಯ ಫೋನಿಗೆ ಹೋಗಿತ್ತು. ರಿಪೋರ್ಟಿನಲ್ಲಿ ಏನಿತ್ತೆಂದು ನಾನಿಲ್ಲಿ ಬರೆಯುವುದಿಲ್ಲ. ದಿನಾ ಒಂದು ಮಾತ್ರೆ ನುಂಗಿದರೆ ತೆಪ್ಪಗಿರುವಂಥದ್ದು ಎಂದಷ್ಟೇ ಡಾಕ್ಟರಮ್ಮ ಹೇಳಿದರು. ಆದರೆ ಆ ಅತ್ತೆಯ ಬಾಯಿಗೆ ಸಿಕ್ಕು ಊರು ತಿರುಗುವಷ್ಟರಲ್ಲಿ ಅದು ದೊಡ್ಡ ಬೇನೆಯಾಗಿತ್ತು. ಹುಡುಗಿಯ ತಾಯಿ ಲಿಂಗಸುಗೂರಿನ ಲ್ಯಾಬಿಗೆ ಬಂದು ಎಲ್ಲರೆದುರು ಅತ್ತು ಹೋಗಿದ್ದರು.

ಫೋನು ಇಟ್ಟ ಮೇಲೆ ನಮ್ಮನೆಯವರು ಗೋಡೆಗೆ ಆತು ನಿಂತರು. "ಯಾರೋ ಭಾರಿ ಶಾಣ್ಯಾ ಇರಬೇಕು. ಎರಡೂ ಸುತ್ತು ದಾಟ್ಯಾನ" ಎಂದರು. ದನಿಯಲ್ಲಿ ಅಳು ಇತ್ತು. ಸತ್ಯ ಹೇಳಬೇಕೆಂದರೆ, ಎದುರಾಳಿಯ ಬಗ್ಗೆ ಒಂದು ಚೂರು ಗೌರವವೂ ಇತ್ತು.

ಆ ಶಾಣ್ಯಾನನ್ನು ಹುಡುಕಲು ಕಷ್ಟಪಡಬೇಕಾಗಲಿಲ್ಲ. ಅತ್ತೆಯೇ ಹೆಮ್ಮೆಯಿಂದ ಹೇಳಿಕೊಂಡಿದ್ದರು, ನಮ್ಮ ತಂಗಿಯ ಮಗ ಮೊದಲು ಅದೇ ಲ್ಯಾಬಿನಲ್ಲಿದ್ದ, ಅವನೇ ತೆಗೆದುಕೊಟ್ಟ ಎಂದು. ಅವನು ಮಸ್ಕಿ ಶಾಖೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು. ಕೆಲಸ ಬಿಟ್ಟು ಬಳಗಾನೂರಿನಲ್ಲಿ ಮೊಬೈಲ್ ಅಂಗಡಿ ಹಾಕಿದ್ದ. ಅವತ್ತು ನಾನು ಕಾಲೇಜಿಗೆ ರಜೆ ಹಾಕಿದೆ. ಸ್ಕೂಟರಿನಲ್ಲಿ ಇಬ್ಬರೂ ಹೋದೆವು.

ಅವನು ನಮ್ಮನ್ನು ನೋಡಿ ಖುಷಿಯಿಂದ ಎದ್ದು ನಿಂತ. ಸ್ಟೂಲು ಎಳೆದು ಒರೆಸಿ ಕೊಟ್ಟ. "ಬರ್‍ರಿ ಅಣ್ಣಾ, ಬರ್‍ರಿ ಅಕ್ಕಾರ. ಚಾ ಹೇಳ್ಲ್ಯಾ?"

ನಮ್ಮನೆಯವರು ಸ್ಟೂಲಿನ ಮೇಲೆ ಕೂಡಲೂ ಇಲ್ಲ. "ಪಾಸ್‌ವರ್ಡ್ ಹೆಂಗ ತಗದಿ?" ಎಂದು ನೇರ ಕೇಳಿದರು.

"ಯಾವ ಪಾಸ್‌ವರ್ಡ್ ಅಣ್ಣಾ?"

"ಲ್ಯಾಬಿನ ಪ್ರೋಗ್ರಾಮಿಂದು. ಹವಾಮಾನದಾಗಿಂದ ತಗದ್ಯೋ, ಇಲ್ಲಾ ನಡಕ ನಿಲ್ಲಿಸಿ ನೋಡಿದ್ಯೋ?"

ಅವನು ನನ್ನ ಮುಖ ನೋಡಿದ. ಅಣ್ಣನಿಗೆ ಏನಾಗಿದೆ ಎಂದು ಕೇಳುವಂತಿತ್ತು ಆ ನೋಟ.

"ಅದಕ್ಕ ಪಾಸ್‌ವರ್ಡ್ ಐತೇನಣ್ಣಾ? ಡಬಲ್ ಕ್ಲಿಕ್ ಮಾಡಿದ್ರ ಓಪನ್ ಆಗತೈತಲ್ಲ. ನಾ ಕೆಲಸ ಬಿಡೂಕಿಂತ ಮೊದಲ, ನೀವು ಪಾಸ್‌ವರ್ಡ್ ಬದಲಿ ಮಾಡಿ ಹೊಸಾ ಪ್ರೋಗ್ರಾಂ ಹಾಕಿದ ವಾರ, ಲ್ಯಾಬಿನ ಕಂಪ್ಯೂಟರ್ ಕೆಟ್ಟಾಗ ನಿನ್ನ ಲ್ಯಾಪ್‌ಟಾಪಿನಾಗ ಹಾಕ್ಕೊಂಡು ಕೆಲಸ ಮಾಡು ಅಂತ ನೀವ ಪೆನ್‌ಡ್ರೈವ್ ಕೊಟ್ಟಿದ್ರಿ. ಅದ ಐತಿ. ಗೊರೇಬಾಳದ ದೊಡ್ಡವ್ವ ಒಂದೀಟು ನೋಡಿ ಹೇಳಪಾ ಅಂದ್ಳು. ನೋಡಿದೆ. ಯಾಕ, ಏನಾತು?"

ಏನಾಯಿತೆಂದು ನಾನು ಹೇಳಿದೆ. ಹುಡುಗಿಯ ತಾಯಿ ಅತ್ತದ್ದನ್ನು ಕೇಳುತ್ತಿದ್ದಂತೆ ಅವನು ಬಿಳಿಚಿಕೊಂಡ. ಕೆಟ್ಟವನಲ್ಲ. ದೊಡ್ಡವ್ವ ಕೇಳಿದಳು, ಪ್ರೋಗ್ರಾಂ ಇತ್ತು, ಒತ್ತಿದ. ಅದು ಇನ್ನೊಬ್ಬರ ಮನೆಯ ಬಾಗಿಲು ಎಂದು ಹೇಳುವಂಥದ್ದು ಅವನೆದುರು ಏನೂ ಇರಲಿಲ್ಲ. ನಾವು ಕೇಳುವ ಮೊದಲೇ ಲ್ಯಾಪ್‌ಟಾಪ್ ತೆಗೆದು ಪ್ರೋಗ್ರಾಮನ್ನು ಅಳಿಸಿದ. ಫೋಟೋ ಕೂಡ ಅಳಿಸಿದ. ಆಮೇಲೆ ಹುಡುಗಿಯ ಮನೆಗೆ ತಾನೂ ಬಂದು ತಪ್ಪಾಯಿತೆನ್ನಲೇ ಎಂದು ಕೇಳಿದ. ಮೊದಲು ಅವಳನ್ನು ಕೇಳಿ ಹೇಳುತ್ತೇವೆ ಎಂದೆ.

ಹೊರಗೆ ಬಂದಾಗ ನಮ್ಮನೆಯವರು ಸ್ಕೂಟರು ಚಾಲೂ ಮಾಡದೆ ಅದರ ಮೇಲೆ ಕೂತಿದ್ದರು. ರಸ್ತೆಯ ಒಂದು ಬದಿಗೆ ಉದ್ದಕ್ಕೂ ಭತ್ತ ಹರವಿದ್ದರು. ಒಬ್ಬ ಹೆಂಗಸು ಕಾಲಿನಿಂದ ಅದನ್ನು ತಿರುವುತ್ತಾ ನಡೆಯುತ್ತಿದ್ದಳು.

"ಅಂವ ನನ್ನ ಕೋಟಿ ನೋಡೇ ಇಲ್ಲ" ಎಂದರು. "ಅಲ್ಲೊಂದು ಕೋಟಿ ಐತಂತನೂ ಅವಗ ಗೊತ್ತಿಲ್ಲ. ಎಷ್ಟು ದಿನ ಕುಂತು ಬರದೀನಿ ಅದನ್ನ!"

ನಗು ಬಂತು, ಅಯ್ಯೋ ಅನ್ನಿಸಿತು. ತುಟಿ ಕಚ್ಚಿ ನಗು ತಡೆದೆ. ಅವರಿಗೆ ನಾನು ಎರಡು ತಿಂಗಳಿಂದ ಹೇಳಲು ನೋಡುತ್ತಿದ್ದದ್ದನ್ನು ಆ ಮೊಬೈಲ್ ಅಂಗಡಿಯವನು ಏನೂ ತಿಳಿಯದೆ ಹೇಳಿಬಿಟ್ಟಿದ್ದ. ಪಾಸ್‌ವರ್ಡು ಯಾವ ಮೂಲೆಯಲ್ಲಿದೆ ಎಂದು ಅವನು ಹುಡುಕಬೇಕಾಗಿಯೇ ಇರಲಿಲ್ಲ. ಪ್ರೋಗ್ರಾಂ ಜೊತೆಗೆ ಅದೂ ಪೆನ್‌ಡ್ರೈವಿನಲ್ಲಿ ಅವನ ಮನೆಗೆ ಹೋಗಿತ್ತು.

"ಅಂವ ಅಳಸ್ಯಾನ, ಆತು ಬಿಡು" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

"ಇನ್ನೆಷ್ಟು ಪೆನ್‌ಡ್ರೈವ್ ಯಾರ್‍ಯಾರಿಗೆ ಕೊಟ್ಟೀರಿ?"

ಅವರು ಸ್ಕೂಟರು ಚಾಲೂ ಮಾಡಿದರು. ಅದೇ ಉತ್ತರ.

ಅಲ್ಲಿಂದ ಮಸ್ಕಿಗೆ ಹೋದೆವು. ಡಾಕ್ಟರಮ್ಮ ಲಿಂಗಸುಗೂರಿನಿಂದ ಆಗಲೇ ಬಂದು ಹುಡುಗಿಯ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಹುಡುಗಿಯ ತಾಯಿ ನಮಗೆ ನೀರು ಕೊಟ್ಟರು, ಮುಖ ಕೊಡಲಿಲ್ಲ. ಹುಡುಗಿ ಶಾಲೆಯಿಂದ ಅರ್ಧ ದಿನಕ್ಕೆ ಬಂದಿದ್ದಳು. ಸೀರೆಯ ಅಂಚಿನಲ್ಲಿ ಇನ್ನೂ ಸುಣ್ಣದ ಕಡ್ಡಿಯ ಪುಡಿ ಇತ್ತು. ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ನಮ್ಮನೆಯವರು ದಾರಿಯುದ್ದಕ್ಕೂ ತಯಾರಾಗಿದ್ದರು. ಅವಳು ಎರಡನ್ನೂ ಮಾಡಲಿಲ್ಲ.

"ನಾನ ಹೇಳಬೇಕಂತ ಇದ್ದೆರಿ" ಎಂದಳು. "ರಿಪೋರ್ಟ್ ಬರ್ಲಿ, ಹುಡುಗಗ ನಾನ ಫೋನ್ ಮಾಡಿ ಹಿಂಗ ಐತಿ, ಗುಳಿಗಿ ತಗೋಬೇಕಂತ ಅಂತ ಹೇಳಬೇಕು ಅನಕೊಂಡಿದ್ದೆ. ಈಗ ನಾ ಮುಚ್ಚಿಟ್ಟಂಗಾತು. ಬ್ಯಾನಿದು ನನಗ ಚಿಂತಿಲ್ರಿ. ಮುಚ್ಚಿಟ್ಟಾಳ ಅಂದ್ರಲ್ಲ, ಅದು."

ನಮ್ಮನೆಯವರು ತಪ್ಪಾಯಿತೆಂದರು. ಯಾರ ಕಡೆಗೂ ಬೆರಳು ತೋರಿಸಲಿಲ್ಲ, ಪೆನ್‌ಡ್ರೈವ್ ನಾನೇ ಕೊಟ್ಟದ್ದು ಎಂದರು. ಆಗ ಅವಳು ಕೇಳಿದಳು:

"ಇನ್ನೂ ಯಾರ್‍ಯಾರು ನೋಡ್ಯಾರ ನನ್ನ ರಿಪೋರ್ಟ್?"

ಅವರಿಗೆ ಗೊತ್ತಿರಲಿಲ್ಲ. ಎಲ್ಲ ಊರಿನ ಎಲ್ಲ ಕಂಪ್ಯೂಟರುಗಳೂ ಅದೇ ಒಂದು ಪಾಸ್‌ವರ್ಡು ಹಿಡಿದು ಸರ್ವರ್‌ಗೆ ಹೋಗುತ್ತಿದ್ದವು. ಸರ್ವರ್‌ಗೆ ಎಲ್ಲರೂ ಒಬ್ಬನೇ ಮನುಷ್ಯ. ಡಾಕ್ಟರಮ್ಮ ನೋಡಿದ್ದು ಯಾವುದು, ಮೊಬೈಲ್ ಅಂಗಡಿಯವನು ನೋಡಿದ್ದು ಯಾವುದು ಎಂದು ಹೇಳುವ ದಾರಿಯೇ ಇರಲಿಲ್ಲ.

"ಗೊತ್ತಿಲ್ಲವ್ವಾ" ಎಂದರು ಕಡೆಗೆ.

"ಗೊತ್ತಾಗಬೇಕಲ್ರಿ?" ಎಂದಳು ಅವಳು. ದನಿ ಏರಿಸದೆ, ತರಗತಿಯಲ್ಲಿ ಲೆಕ್ಕ ತಪ್ಪಿದ ಮಗುವಿಗೆ ಕೇಳಿದ ಹಾಗೆ. ನಮ್ಮನೆಯವರು ತಲೆ ತಗ್ಗಿಸಿದರು. ನನ್ನಿಂದ ಎರಡು ಸಲ ಸೋತಾಗಲೂ ಅವರು ಹಾಗೆ ತಲೆ ತಗ್ಗಿಸಿದ್ದನ್ನು ನಾನು ನೋಡಿರಲಿಲ್ಲ.

ಡಾಕ್ಟರಮ್ಮ ಅಲ್ಲಿಯೇ ಕೂತು ಗೊರೇಬಾಳಕ್ಕೆ ಫೋನು ಹಚ್ಚಿ, ಆ ಅತ್ತೆಗೆ ಬೇನೆ ಎಂದರೇನು, ಮಾತ್ರೆ ಎಂದರೇನು, ಇನ್ನೊಬ್ಬರ ರಿಪೋರ್ಟು ಎಂದರೇನು ಎಂದು ಎರಡೂ ಭಾಷೆಯಲ್ಲಿ ಪಾಠ ಹೇಳಿದರು. ಹುಡುಗಿಯ ತಾಯಿಯ ಮುಖದಲ್ಲಿ ಸ್ವಲ್ಪ ಗೆಲುವು ಕಂಡದ್ದು ಆಗಲೇ. ಎದ್ದು ಹೋಗಿ ಚಹಾ ಮಾಡಿಕೊಂಡು ಬಂದರು.

ಸಿಂಧನೂರಿಗೆ ವಾಪಸಾಗುವಾಗ ಭತ್ತ ಕೊಯ್ಯುವ ಯಂತ್ರವೊಂದು ರಸ್ತೆ ತುಂಬಾ ಹೊರಟಿತ್ತು, ಅದರ ಹಿಂದೆ ಆಮೆಯ ಹಾಗೆ ಬಂದೆವು. ಮನೆ ಹೊಕ್ಕು ಕೈಕಾಲು ತೊಳೆದು ನನ್ನೆದುರು ಕೂತು, "ಪುಸ್ತಕದ ಮಾತ ಹೇಳು. ಕೇಳ್ತೀನಿ" ಎಂದರು.

ಆ ಮಾತನ್ನು ಮೊಬೈಲಿನಲ್ಲಿ ರೆಕಾರ್ಡು ಮಾಡಿಕೊಳ್ಳಲಿಲ್ಲವಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಹೊಸ ಪ್ರೋಗ್ರಾಂ ಬರೆಯಲು ಅವರಿಗೆ ಆ ಸುಗ್ಗಿ ಪೂರ್ತಿ ಹಿಡಿಯಿತು. ಶಾಖೆಯ ಕಂಪ್ಯೂಟರಿನಲ್ಲಿರುವ ಪ್ರೋಗ್ರಾಮಿಗೆ ಈಗ ಯಾವ ಗುಟ್ಟೂ ಗೊತ್ತಿಲ್ಲ. ಅದು ಬರೀ ಕೇಳುತ್ತದೆ. ನೀನ್ಯಾರು ಎಂದು ಸರ್ವರ್ ತಿರುಗಿ ಕೇಳುತ್ತದೆ. ಕೂತವರು ತಮ್ಮದೇ ಹೆಸರು, ತಮ್ಮದೇ ಪಾಸ್‌ವರ್ಡು, ತಮ್ಮ ಫೋನಿಗೆ ಆಗ ಬಂದ ಅಂಕಿ ಕೊಡಬೇಕು. ಸಿಂಧನೂರಿನವರಿಗೆ ಸಿಂಧನೂರಿನದಷ್ಟೇ ಕಾಣುತ್ತದೆ. ಕೆಲಸ ಬಿಟ್ಟವರ ಹೆಸರನ್ನು ಅವತ್ತೇ ತೆಗೆದರೆ ಮುಗಿಯಿತು, ಅವರ ಬಳಿ ಎಷ್ಟು ಪೆನ್‌ಡ್ರೈವ್ ಇದ್ದರೂ ಒಂದೇ. ಯಾರು ಯಾವ ರಿಪೋರ್ಟನ್ನು ಯಾವಾಗ ತೆರೆದರು ಎಂಬುದನ್ನು ಸರ್ವರ್ ನೆನಪಿಟ್ಟುಕೊಳ್ಳುತ್ತದೆ, ಪರೀಕ್ಷೆ ಮಾಡಿಸಿದವರು ಅದನ್ನು ತಮ್ಮ ಫೋನಿನಲ್ಲಿ ನೋಡಬಹುದು. ರಿಪೋರ್ಟುಗಳ ಕೋಣೆ ತೆರೆಯುವ ದೊಡ್ಡ ಪಾಸ್‌ವರ್ಡು ಸರ್ವರ್ ಬಿಟ್ಟು ಹೊರಗೆ ಬರುವುದೇ ಇಲ್ಲ. ಅಲ್ಲಿಯೂ ಅದನ್ನು ಕೋಡಿನಲ್ಲಿ ಬರೆದಿಲ್ಲ, ಬೇರೆ ಜಾಗದಲ್ಲಿದೆ. ಬೇಕಾದಾಗ ಬದಲಿಸಬಹುದು.

ಕೆಲಸ ಮುಗಿದ ದಿನ ಅವರಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

"ಇದರಾಗ ಏನೈತಿ?" ಎಂದರು ಕೋಡು ತೋರಿಸಿ. "ಹವಾಮಾನಿಲ್ಲ, ಬಸ್ಸಿಲ್ಲ. ಯಾರಿಗರ ತೋರಿಸಿದ್ರ, ಇಷ್ಟನಾ ಅಂತಾರ."

"ಯಾರಿಗೆ ಬೇಕಾದ್ರೂ ತೋರಿಸಬಹುದಲ್ರೀ. ಹಳೇದನ್ನ ತೋರಸಾಕ ಆಗತಿತ್ತಾ?"

ಅವರು ಮರುದಿನ ನನ್ನ ಕಾಲೇಜಿಗೇ ಬಂದು, ನಮ್ಮ ವಿದ್ಯಾರ್ಥಿಗಳ ಮುಂದೆ ಪೂರ್ತಿ ಕೋಡನ್ನು ಗೋಡೆಯ ಮೇಲೆ ಹಾಕಿ ತೋರಿಸಿದರು. ಹಳೆಯ ಕೋಟೆಯ ಕತೆಯನ್ನೂ ಹೇಳಿದರು, ಮಿರ್ಚಿಯ ಭಾಗ ಬಿಟ್ಟು. ಆ ಭಾಗ ನಾನು ಸೇರಿಸಿದೆ.

ದೊಡ್ಡ ಪಾಸ್‌ವರ್ಡನ್ನು ಬದಲಿಸುವ ಕೆಲಸ ಒಂದು ಉಳಿದಿತ್ತು. ಹಳೆಯ ಪ್ರೋಗ್ರಾಮುಗಳ ಹೊಟ್ಟೆಯಲ್ಲಿ ಹಳೆಯದು ಇನ್ನೂ ಜೀವಂತವಿತ್ತಲ್ಲ. ಹೊಸದನ್ನು ಅವರು ಯೋಚಿಸಲು ಕೂತಾಗ ನಾನು ಕೈ ಹಿಡಿದು ತಡೆದೆ. ಯಂತ್ರವೇ ಒಂದು ಉದ್ದನೆಯ, ತಲೆಬುಡವಿಲ್ಲದ ಪಾಸ್‌ವರ್ಡು ಮಾಡಿಕೊಂಡಿತು. ಅದು ಏನೆಂದು ಅವರಿಗೂ ಬಾಯಿಪಾಠವಿಲ್ಲ, ನನಗೂ ಇಲ್ಲ. ಆಮೇಲೆ ನಮ್ಮನೆಯವರು ಬಳಗಾನೂರಿನ ಮೊಬೈಲ್ ಅಂಗಡಿಯವನಿಗೆ ಫೋನು ಮಾಡಿ, ಹಳೆಯ ಪ್ರೋಗ್ರಾಂ ಕಳಿಸುತ್ತೇನೆ, ತೆರೆದು ನೋಡು ಎಂದರು. ಆ ಪಾಪದವನು ಹೆದರಿಕೊಂಡೇ ತೆರೆದ.

"ಓಪನ್ ಆಗವಲ್ದು ಅಣ್ಣಾ."

"ಇನ್ನೊಮ್ಮೆ ನೋಡು."

"ಇಲ್ಲಣ್ಣಾ, ಆಗವಲ್ದು. ಬ್ಯಾರೆ ಏನರ ಮಾಡ್ಲಿ?"

"ಏನೂ ಮಾಡಬ್ಯಾಡ. ಆರಾಮ್ ಇರು" ಎಂದು ಫೋನಿಟ್ಟು ಮಗುವಿನ ಹಾಗೆ ನಕ್ಕರು.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಡಾಕ್ಟರಮ್ಮ ಬೈಯುತ್ತಾರೆ. ಮಸ್ಕಿ ಶಾಖೆಯಲ್ಲಿ ಒಬ್ಬಳು ಊಟಕ್ಕೆ ಹೋಗುವಾಗ ತನ್ನ ಹೆಸರಿನಲ್ಲೇ ತೆರೆದಿಟ್ಟು ಹೋಗಿ, ಇನ್ನೊಬ್ಬಳು ಅಲ್ಲೇ ಕೂತು ಕೆಲಸ ಮಾಡುತ್ತಿದ್ದಳಂತೆ. ನಮ್ಮನೆಯವರು ಹೋಗಿ, ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ತಾನೇ ಮುಚ್ಚಿಕೊಳ್ಳುವ ಹಾಗೆ ಮಾಡಿ ಬಂದರು. ಈಗ ಅದು ಬೇಗ ಮುಚ್ಚಿಕೊಳ್ಳುತ್ತದೆ ಎಂದು ಡಾಕ್ಟರಮ್ಮನ ತಕರಾರು. "ಭಾಯ್, ಸೀನೂದಕ್ಕೂ ಟೈಮ್ ಕೊಡೂದಿಲ್ಲ ನಿಮ್ಮ ಪ್ರೋಗ್ರಾಂ" ಎನ್ನುತ್ತಾರೆ.

ಗೊರೇಬಾಳದವರು ಆಮೇಲೆ ಮಸ್ಕಿಗೆ ಬಂದು, ಮಾತ್ರೆ ತಗೊಂಡರೆ ಸಾಕಂತಲ್ಲ, ನಮ್ಮದೇನೂ ಅಡ್ಡಿಯಿಲ್ಲ ಎಂದರಂತೆ. ಅಡ್ಡಿ ನನ್ನದಿದೆ ಎಂದು ಆ ಹುಡುಗಿಯೇ ಹೇಳಿ ಕಳಿಸಿದಳಂತೆ. ಕೇಳಬೇಕಾದದ್ದನ್ನು ನನ್ನನ್ನು ಕೇಳಲಿಲ್ಲ ಎಂಬುದಷ್ಟೇ ಅವಳ ಕಾರಣ. ಮೊಬೈಲ್ ಅಂಗಡಿಯವನು ಅವಳ ಶಾಲೆಯ ಹೊರಗೆ ನಿಂತು ತಪ್ಪಾಯಿತೆಂದು ಹೇಳಲು ಅವಳು ಒಪ್ಪಿದ್ದಳು. ಅವನು ಬಂದು ಹೇಳಿದ, ಅವಳು ಕೇಳಿಸಿಕೊಂಡು ಒಳಗೆ ಹೋದಳು. ಕ್ಷಮಿಸಿದಳೋ ಇಲ್ಲವೋ ನನಗೆ ತಿಳಿಯದು.

ಮಳೆಗಾಲ ಶುರುವಾದ ಮೇಲೆ ಒಂದು ಶನಿವಾರ ಅವಳು ಸಿಂಧನೂರಿಗೆ ಬಂದಳು. ಮತ್ತೊಮ್ಮೆ ಪರೀಕ್ಷೆ ಮಾಡಿಸುವುದಿತ್ತು. ಮಸ್ಕಿ ಬಿಟ್ಟು ಈ ಶಾಖೆಗೆ ಬಂದಿದ್ದಳು. ಅಲ್ಲಿನ ಪ್ರಿಂಟರು ಕೈಕೊಟ್ಟಿತ್ತೆಂದು ನಮ್ಮನೆಯವರು ಅಲ್ಲೇ ಇದ್ದರು, ಅವರಿಗೆ ಊಟದ ಡಬ್ಬಿ ಕೊಡಲು ನಾನೂ ಹೋಗಿದ್ದೆ. ರಿಪೋರ್ಟು ಬಂದಾಗ ಅವಳು ಅದನ್ನು ಚೀಲದಲ್ಲಿಟ್ಟುಕೊಂಡು ಕೇಳಿದಳು:

"ಈಗರ ಗೊತ್ತಾಗತೈತೇನ್ರಿ? ಯಾರ್‍ಯಾರು ನೋಡ್ಯಾರ ಅಂತ?"

ನಮ್ಮನೆಯವರು ಮೌಖಿಕ ಪರೀಕ್ಷೆಗೆ ನಿಂತ ವಿದ್ಯಾರ್ಥಿಯಂತೆ ಅಂಗಿ ಸರಿಮಾಡಿಕೊಂಡರು. ಅವಳ ಫೋನಿನಲ್ಲೇ ಅದನ್ನು ಹೇಗೆ ನೋಡುವುದು ಎಂದು ದೂರ ನಿಂತು ಹೇಳಿಕೊಟ್ಟರು. ಅವಳು ಒತ್ತಿದಳು. ಎರಡು ಹೆಸರು ಬಂದವು. ರಕ್ತ ಪರೀಕ್ಷೆ ಮಾಡಿದವಳು, ಅದಕ್ಕೆ ಸಹಿ ಹಾಕಿದ ಡಾಕ್ಟರಮ್ಮ.

"ಇಷ್ಟ ಮಂದಿನಾ?"

"ಇಷ್ಟ ಮಂದಿರಿ."

"ನೀವು?"

"ನನಗ ಕಾಣಂಗಿಲ್ಲವ್ವಾ. ನಾನ ಹಂಗ ಮಾಡೀನಿ."

ಅವಳು ಫೋನನ್ನು ಇನ್ನೊಮ್ಮೆ ನೋಡಿ, ಸೆರಗು ತಲೆಯ ಮೇಲೆಳೆದುಕೊಂಡು, ಜಿನುಗುವ ಮಳೆಯಲ್ಲೇ ಮಸ್ಕಿ ಬಸ್ಸಿಗೆ ಹೊರಟಳು. ಹೊರಡುವ ಮುನ್ನ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ ನಕ್ಕಳು. ಆ ದಿನದ ರಿಪೋರ್ಟಿನಲ್ಲಿ ಏನಿತ್ತು, ಮಾತ್ರೆ ಹಿಡಿಸಿತ್ತೋ ಇಲ್ಲವೋ, ನಮಗಿಬ್ಬರಿಗೂ ಇವತ್ತಿಗೂ ಗೊತ್ತಿಲ್ಲ.